ಅಮೆರಿಕದಲ್ಲೂ ಮೇಷ್ಟ್ರ ಹೆಸರು ಬಿಟ್ಟಿದ್ದರಂತೆ

ಎಡಿಸನ್, ನ್ಯೂಜೆರ್ಸಿ
ಜನವರಿ 18

ತೀರ್ಥರೂಪು ಅಪ್ಪನವರಿಗೆ ಮಗಳು ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಫೋನಿನಲ್ಲಿ ಅರ್ಧ ಮಾತು ಕೇಳಿಸಲ್ಲ ಅಂತೀರಿ, ಅದಕ್ಕೇ ಕಾಗದ ಬರೀತಿದ್ದೇನೆ. ಅಮ್ಮನಿಗೂ ಓದಿ ಹೇಳಿ.

ಹೋದ ಶನಿವಾರ ಇವರ ಹೆಸರಿಗೆ ಲಾಟರಿ ಹೊಡೆಯಿತು. ಗಾಬರಿ ಬೇಡ, ದುಡ್ಡಿನದಲ್ಲ, ನಾಟಕದ ಟಿಕೆಟ್‌ದು. ನ್ಯೂಯಾರ್ಕಿನಲ್ಲಿ ‘ಹ್ಯಾಮಿಲ್ಟನ್’ ಅಂತ ಒಂದು ನಾಟಕ 2015ರಿಂದ ನಡೀತಿದೆ. ಟಿಕೆಟ್‌ಗೆ ನೂರಾರು ಡಾಲರ್. ಆದರೆ ಪ್ರತಿ ಆಟಕ್ಕೂ ಕೆಲವು ಸೀಟುಗಳನ್ನು ಚೀಟಿ ಎತ್ತಿದ ಹಾಗೆ ಎತ್ತಿ ಹತ್ತು ಡಾಲರಿಗೆ ಕೊಡುತ್ತಾರೆ. ಹತ್ತೇ ಯಾಕೆ ಗೊತ್ತಾ? ಇಲ್ಲಿನ ಹತ್ತು ಡಾಲರ್ ನೋಟಿನ ಮೇಲಿರುವುದು ಹ್ಯಾಮಿಲ್ಟನ್ ಮುಖ. ಈ ದೇಶದ ಮೊದಲ ಹಣಕಾಸು ಮಂತ್ರಿ ಅವನು. 1804ರಲ್ಲಿ ನಮ್ಮ ನ್ಯೂಜೆರ್ಸಿಯ ವೀಹಾಕನ್ ಅನ್ನುವ ಕಡೆ, ನದಿ ದಂಡೆಯಲ್ಲಿ, ಇನ್ನೊಬ್ಬ ರಾಜಕಾರಣಿಯ ಗುಂಡೇಟು ಬಿದ್ದು ಮಾರನೇ ದಿನ ಸತ್ತ.

ಮಂತ್ರಿಯ ಕಥೆಯಲ್ಲಿ ಹಾಡು ಎಲ್ಲಿಂದ ಬರಬೇಕು ಅಂದುಕೊಂಡೇ ಹೋದೆ. ಅಪ್ಪ, ಇಡೀ ನಾಟಕವೇ ಹಾಡು. ಮಾತು ಅನ್ನುವುದು ಇಲ್ಲವೇ ಇಲ್ಲ ಅನ್ನಬಹುದು. ಮಂತ್ರಿಸಭೆ ಸೇರಿದೆ, ರಾಜ್ಯಗಳ ಸಾಲ ಯಾರು ತೀರಿಸಬೇಕು ಅಂತ ಜಗಳ. ಒಬ್ಬ ಎದ್ದು ತಾಳದ ಮೇಲೆ ಪಟಪಟ ಅಂತ ಪ್ರಾಸ ಕಟ್ಟಿ ಬೈಯುತ್ತಾನೆ. ಇನ್ನೊಬ್ಬ ಅದೇ ತಾಳ ಹಿಡಿದು ತಿರುಗಿಸಿ ಕೊಡುತ್ತಾನೆ. ನನಗೆ ನಮ್ಮೂರ ಕುರುಕ್ಷೇತ್ರದ ಕೃಷ್ಣಸಂಧಾನವೇ ಕಣ್ಣ ಮುಂದೆ ಬಂತು. ದುರ್ಯೋಧನ ಒಂದು ಪದ್ಯ ಬಿಟ್ಟರೆ ಕೃಷ್ಣ ಮೇಲೊಂದು ಬಿಡುವುದು, ಜನ ಒನ್ಸ್ ಮೋರ್ ಅಂತ ಕೂಗುವುದು. ಇಲ್ಲಿ ಒನ್ಸ್ ಮೋರ್ ಕೂಗುವ ಹಾಗಿಲ್ಲ, ಅದೊಂದೇ ಬೇಜಾರು. ಹತ್ತು ರೂಪಾಯಿ ನೋಟು ಪಿನ್ನು ಮಾಡಲೂ ಯಾರೂ ಸ್ಟೇಜ್ ಹತ್ತಲ್ಲ.

ನಮ್ಮ ಸೀಟು ಮುಂದಿನ ಸಾಲಿನಲ್ಲಿ. ವಾದ್ಯದವರು ಸ್ಟೇಜಿನ ಕೆಳಗೆ ಒಂದು ಗುಂಡಿಯಲ್ಲಿ ಕೂರುತ್ತಾರೆ, ಹಿಂದಿನವರಿಗೆ ಕಾಣುವುದೇ ಇಲ್ಲ. ಮಧ್ಯೆ ಒಂದು ಸಲ ಜನರ ಮುಖ ನೋಡೋಣ ಅಂತ ಸುಮ್ನೆ ಹಿಂದೆ ತಿರುಗಿದೆ. ಮಹಡಿಯ ಕಟಕಟೆಗೆ ಒಂದು ಸಣ್ಣ ಟಿವಿ ಕಟ್ಟಿದ್ದಾರೆ. ಅದರಲ್ಲಿ ಗುಂಡಿಯೊಳಗಿನ ಸಂಗೀತದ ಮೇಷ್ಟ್ರ ಮುಖ, ಕೈ! ಪಾರ್ಟಿನವರು ಜನರನ್ನು ನೋಡಿ ಹಾಡುತ್ತಿದ್ದಾರೆ ಅಂತ ನಾವು ಅಂದುಕೊಂಡಿರುತ್ತೇವೆ. ಅವರು ನೋಡುತ್ತಿರುವುದು ಆ ಟಿವಿಯನ್ನ. ನಮ್ಮೂರ ಭೀಮ ಗದೆ ಹೊತ್ತುಕೊಂಡು ಓರೆಗಣ್ಣಲ್ಲಿ ನಿಮ್ಮ ಹಾರ್ಮೋನಿಯಂ ಕಡೆ ನೋಡುತ್ತಿದ್ದನಲ್ಲ, ಹಾಗೆ. ಆಮೇಲೆ ನಾನು ಅರ್ಧ ನಾಟಕ ನೋಡಿದ್ದು ಟಿವಿಯಲ್ಲೇ. ಇವರು ಮೊಣಕೈಯಲ್ಲಿ ತಿವಿದರು.

ಇದಕ್ಕೆ 2016ರಲ್ಲಿ ಪುಲಿಟ್ಜರ್ ಬಂದಿದೆ. ಕೊಲಂಬಿಯಾ ಯೂನಿವರ್ಸಿಟಿ ಕೊಡುವ ದೊಡ್ಡ ಪ್ರಶಸ್ತಿ. ಪತ್ರಿಕೆಯವರಿಗೆ ಕೊಡುತ್ತಾರೆ ಅಂತ ನೀವು ಪೇಪರಲ್ಲಿ ಓದಿರುತ್ತೀರಿ, ನಾಟಕಕ್ಕೂ ಕೊಡುತ್ತಾರೆ. ಸಾಮಾನ್ಯವಾಗಿ ಹಾಡಿಲ್ಲದ ನಾಟಕಕ್ಕೇ ಹೋಗುತ್ತದೆ. ಹಾಡಿನ ನಾಟಕಗಳಿಗೆ 2020ರ ತನಕ ಸಿಕ್ಕಿದ್ದು ಹತ್ತೇ ಸಲ. ನಾನು ಈ ಕಾಗದ ಬರೆಯಲು ಕೂತಿದ್ದು ಅದರಲ್ಲಿ ಮೊದಲನೆಯದರ ವಿಷಯ ಹೇಳುವುದಕ್ಕೆ.

1932. ನಾಟಕ ‘ಆಫ್ ದೀ ಐ ಸಿಂಗ್’. ಒಬ್ಬ ಅಧ್ಯಕ್ಷ ಪದವಿಗೆ ನಿಲ್ಲುತ್ತಾನೆ, ಹೇಳಿಕೊಳ್ಳುವುದಕ್ಕೆ ಒಂದು ವಿಷಯವೂ ಇಲ್ಲ. ಪಕ್ಷದವರು ‘ಪ್ರೇಮ’ವನ್ನೇ ವಿಷಯ ಮಾಡುತ್ತಾರೆ. ಅಟ್ಲಾಂಟಿಕ್ ಸಿಟಿಯಲ್ಲಿ ಸೌಂದರ್ಯ ಸ್ಪರ್ಧೆ ಇಟ್ಟು, ಗೆದ್ದವಳನ್ನು ಅವನು ಮದುವೆ ಆಗಬೇಕು ಅಂತ. ಅವನು ಜೋಳದ ಮಫಿನ್ ಚೆನ್ನಾಗಿ ಮಾಡುವ ಬೇರೆ ಹುಡುಗಿಯನ್ನು ಕಟ್ಟಿಕೊಳ್ಳುತ್ತಾನೆ. ಅಲ್ಲಿಂದ ರಾಮಾಯಣ ಶುರು. ಇವತ್ತಿಗೂ ಹೊಂದುವ ಕಥೆ ಅಲ್ವಾ?

ಪ್ರಶಸ್ತಿ ಕೊಟ್ಟಿದ್ದು ಮೂರು ಜನಕ್ಕೆ. ಕಥೆ, ಮಾತು ಬರೆದ ಜಾರ್ಜ್ ಕಾಫ್‌ಮನ್ ಮತ್ತು ಮೋರಿ ರಿಸ್ಕಿಂಡ್. ಹಾಡಿನ ಸಾಹಿತ್ಯ ಬರೆದ ಐರಾ ಗರ್ಶ್ವಿನ್. ರಾಗ ಹಾಕಿದ್ದು ಐರಾನ ತಮ್ಮ ಜಾರ್ಜ್ ಗರ್ಶ್ವಿನ್. ಅವನ ಹೆಸರಿಲ್ಲ! ನಾಟಕದ ಪ್ರಶಸ್ತಿ ಬರವಣಿಗೆಗೆ, ಸಂಗೀತ ಅದರ ಲೆಕ್ಕಕ್ಕೆ ಬರಲ್ಲ ಅಂದರಂತೆ. ಅವನೇನು ಸಾಮಾನ್ಯದವನಲ್ಲ, ಇಡೀ ಅಮೆರಿಕ ಅವನ ಸಂಗೀತ ಕೇಳುತ್ತಿತ್ತು. ಐದು ವರ್ಷಕ್ಕೆ, 38ನೇ ವಯಸ್ಸಿಗೇ ತೀರಿಕೊಂಡ. 1998ರಲ್ಲಿ, ಅವನು ಹುಟ್ಟಿ ನೂರು ವರ್ಷ ಆದಾಗ, ಅದೇ ಪುಲಿಟ್ಜರಿನವರು ಅವನ ಹೆಸರಿಗೆ ವಿಶೇಷ ಗೌರವ ಅಂತ ಕೊಟ್ಟರು.

ಇದನ್ನು ಓದಿದಾಗ ನನಗೆ ಆ ವರ್ಷದ ಕರಪತ್ರ ನೆನಪಾಯಿತು. ನಿಮಗೂ ಗೊತ್ತು ಯಾವುದು ಅಂತ. ಪಾರ್ಟಿನವರ ಹೆಸರು ಇತ್ತು, ಸೀನರಿಯವರದ್ದು ಇತ್ತು, ಶಾಮಿಯಾನ, ಮೈಕ್‌ಸೆಟ್, ಬೆಳ್ಳಿ ಗದೆ ಕೊಡಿಸಿದವರು, ಊಟ ಹಾಕಿಸಿದವರು, ಎಲ್ಲ. ಮೂರು ತಿಂಗಳು ರಾತ್ರಿ ಗಂಟಲು ಹರಿದುಕೊಂಡು ಮಟ್ಟು ಹೇಳಿಕೊಟ್ಟ ನಿಮ್ಮದು ಬಿಟ್ಟುಹೋಗಿತ್ತು. ಅಚ್ಚಿನವರ ತಪ್ಪು ಅಂದರು. ಅಮ್ಮ ಹೋಗಬೇಡಿ ಅಂತ ಹಟ ಹಿಡಿದಳು. ನೀವು ಪೆಟ್ಟಿಗೆ ಹೊತ್ತುಕೊಂಡು ಹೋಗಿ ಬೆಳಗಿನ ಜಾವದ ತನಕ ನುಡಿಸಿ ಬಂದಿರಿ. ನನಗೆ ಆಗ ಹನ್ನೊಂದು ವರ್ಷ. ಈಗಲೂ ಸಿಟ್ಟು ಹೋಗಿಲ್ಲ.

1950ರಲ್ಲಿ ಎರಡನೇ ಸಲ ಹಾಡಿನ ನಾಟಕಕ್ಕೆ ಬಂತು, ‘ಸೌತ್ ಪೆಸಿಫಿಕ್’. ಆಗ ರಾಗ ಹಾಕಿದ ರಿಚರ್ಡ್ ರಾಜರ್ಸ್ ಹೆಸರನ್ನೂ ಸೇರಿಸಿದರು. ನಾವು ಮೊನ್ನೆ ಕೂತಿದ್ದ ಥಿಯೇಟರಿಗೆ ಅವರದೇ ಹೆಸರು.

ಆ ಹತ್ತರಲ್ಲಿ ನನಗೆ ತುಂಬ ಇಷ್ಟ ಯಾವುದು ಅಂದರೆ ಹ್ಯಾಮಿಲ್ಟನ್ ಅಲ್ಲ, ‘ಎ ಕೋರಸ್ ಲೈನ್’. 1976ರದು. ಮುಖ್ಯ ಪಾರ್ಟಿನ ಹಿಂದೆ ಸಾಲಾಗಿ ಕುಣಿಯುವವರ ಕಥೆ. 1974ರಲ್ಲಿ ಮೈಕೇಲ್ ಬೆನೆಟ್ ಅನ್ನುವವರು ಅಂಥ ಡ್ಯಾನ್ಸರುಗಳನ್ನು ರಾತ್ರಿಯಿಡೀ ಕೂರಿಸಿಕೊಂಡು, ಅವರ ಮಾತನ್ನೆಲ್ಲ ಟೇಪ್ ಮಾಡಿಕೊಂಡರು. ಅದರಿಂದಲೇ ನಾಟಕ ಕಟ್ಟಿದರು. ಹದಿನೇಳು ಜನ ಒಂದು ಬಿಳಿ ಗೆರೆಯ ಮೇಲೆ ನಿಲ್ಲುತ್ತಾರೆ, ಕೆಲಸ ಸಿಗುವುದು ಎಂಟು ಜನಕ್ಕೆ. ಒಬ್ಬೊಬ್ಬರೂ ಮುಂದೆ ಬಂದು ತಮ್ಮ ಕಥೆ ಹೇಳುತ್ತಾರೆ. ನಮಗೆ ಎಲ್ಲರೂ ಬೇಕಾದವರಾಗುತ್ತಾರೆ. ಕೊನೆಯಲ್ಲಿ ಎಲ್ಲರೂ ಒಂದೇ ಥರ ಚಿನ್ನದ ಬಣ್ಣದ ಟೋಪಿ, ಕೋಟು ಹಾಕಿ ಬರುತ್ತಾರೆ ನೋಡಿ, ಯಾರು ಯಾರು ಅಂತ ಗುರುತೇ ಸಿಗಲ್ಲ. ಜನ ಚಪ್ಪಾಳೆ ಹೊಡೆಯುತ್ತಾರೆ. ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ನಾನು ನೋಡಿದ್ದು ಇಲ್ಲಿನ ಕಾಲೇಜು ಹುಡುಗರು ಆಡಿದ್ದನ್ನ. ಹೆಜ್ಜೆ ಅಷ್ಟಕ್ಕಷ್ಟೆ, ಆದರೂ.

‘ರೆಂಟ್’ ಬಗ್ಗೆ ಬರೆಯಲು ಕೈ ಬರಲ್ಲ. ಕಥೆ, ಹಾಡು, ರಾಗ ಎಲ್ಲ ಒಬ್ಬನದೇ, ಜಾನಥನ್ ಲಾರ್ಸನ್. ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ ಮಾಡಿಕೊಂಡು ವರ್ಷಗಟ್ಟಲೆ ಬರೆದ. 1996ರ ಜನವರಿ 25, ಜನರ ಮುಂದೆ ಮೊದಲ ಆಟ ಆಗಬೇಕಿದ್ದ ದಿನ ಬೆಳಗಿನ ಜಾವ ಸತ್ತುಹೋದ. 35 ವರ್ಷ. ಪುಲಿಟ್ಜರ್ ಬಂದಿದ್ದು ಏಪ್ರಿಲ್‌ನಲ್ಲಿ.

‘ನೆಕ್ಸ್ಟ್ ಟು ನಾರ್ಮಲ್’ ಅಂತ ಇನ್ನೊಂದಿದೆ, 2010ರದು. ಮನಸ್ಸಿನ ಕಾಯಿಲೆ ಇರುವ ಒಬ್ಬ ತಾಯಿ, ಅವಳ ಮನೆ. ಚಿಕ್ಕಮ್ಮನ ನೆನಪಾಯಿತು. ಅದನ್ನು ಊರಿಗೆ ಬಂದಾಗ ಹೇಳುತ್ತೇನೆ.

ಇಲ್ಲಿ ನಾಟಕಕ್ಕೆ ಹೋದವರಿಗೆಲ್ಲ ‘ಪ್ಲೇಬಿಲ್’ ಅಂತ ಒಂದು ಸಣ್ಣ ಪುಸ್ತಕ ಸುಮ್ನೆ ಕೊಡುತ್ತಾರೆ. ಫೆಬ್ರವರಿಯಲ್ಲಿ ಇವರ ಸ್ನೇಹಿತರೊಬ್ಬರು ಮಂಡ್ಯಕ್ಕೆ ಬರುತ್ತಿದ್ದಾರೆ, ಅವರ ಕೈಲಿ ಹ್ಯಾಮಿಲ್ಟನ್‌ದು ಕಳಿಸುತ್ತಿದ್ದೇನೆ. ಮೊಣಕಾಲಿನ ಎಣ್ಣೆಯೂ ಅದೇ ಕವರಿನಲ್ಲಿದೆ. ಪುಸ್ತಕದಲ್ಲಿ ಒಂದು ಪುಟದ ಮೂಲೆ ಮಡಚಿದ್ದೇನೆ. ಗುಂಡಿಯಲ್ಲಿ ಕೂತು ನುಡಿಸಿದವರ ಹೆಸರೆಲ್ಲ ಅಲ್ಲಿದೆ, ಪಿಟೀಲಿನಿಂದ ಡ್ರಮ್ಮಿನ ತನಕ. ಅಕ್ಷರ ಸಣ್ಣದು, ಕನ್ನಡಕ ಹಾಕಿಕೊಳ್ಳಿ.

ಈ ಸಲ ಶಿವರಾತ್ರಿಗೆ ಕುರುಕ್ಷೇತ್ರ ಆಡಿಸಿದರೆ ಕರಪತ್ರದ ಒಂದು ಪ್ರತಿ ತೆಗೆದಿಡಿ. ಅಚ್ಚಿಗೆ ಕೊಡುವ ಮುಂಚೆ ಅಮ್ಮ ಒಂದು ಸಲ ಓದಲಿ.

ನಿಮ್ಮ ಮಗಳು