ವರ್ಷದ ಕಾರು ಸರಿ, ಐದು ವರ್ಷದ ಕಾರು ಯಾವ್ದು ಸ್ವಾಮಿ?

ಸಂಪಾದಕರಿಗೆ ನಮಸ್ಕಾರ.

ನಾನು ಹಾಸನದಲ್ಲಿ ಬಿ.ಎಂ. ರೋಡ್ ಕಡೆ ಇಪ್ಪತ್ತಾರು ವರ್ಷದಿಂದ ಕಾರ್ ಗ್ಯಾರೇಜ್ ಇಟ್ಕೊಂಡಿರೋನು. ಬರೆಯೋ ಅಭ್ಯಾಸ ಇಲ್ಲ, ತಪ್ಪಿದ್ರೆ ನೀವೇ ತಿದ್ಕೊಳಿ. ನಿಮ್ಮ ಪೇಪರ್ ದಿನಾ ನಮ್ಮ ಗ್ಯಾರೇಜಿಗೆ ಬರುತ್ತೆ, ಬೆಳಗ್ಗೆ ನಾನು ಓದ್ತೀನಿ, ಮಧ್ಯಾಹ್ನ ಹುಡುಗ್ರು ಊಟಕ್ಕೆ ಹಾಸ್ಕೋತಾರೆ, ಸಂಜೆ ಅದರಲ್ಲೇ ಗ್ರೀಸ್ ಕೈ ಒರೆಸ್ತಾರೆ, ಅಂದ್ರೆ ನಿಮ್ಮ ಪೇಪರನ್ನ ನಮ್ಮಷ್ಟು ಪೂರ್ತಿ ಬಳಸೋರು ಬೇರೆ ಯಾರೂ ಇರಲಿಕ್ಕಿಲ್ಲ.

ವಿಷಯ ಏನಪ್ಪಾ ಅಂದ್ರೆ ಈ 'ವರ್ಷದ ಕಾರು' ಅವಾರ್ಡ್. ಪ್ರತಿ ವರ್ಷ ಬರುತ್ತೆ, ನಿಮ್ಮ ವಾಹನ ಪುಟದಲ್ಲಿ ದೊಡ್ಡ ಫೋಟೋ, ಕೋಟು ಹಾಕ್ಕೊಂಡೋರು ಟ್ರೋಫಿ ಹಿಡ್ಕೊಂಡು ನಗ್ತಾ ಇರ್ತಾರೆ, ಕೆಳಗೆ ಜ್ಯೂರಿ ಮನಗೆದ್ದ ಕಾರು ಅಂತ ನಾಲ್ಕು ಲೈನು. ಅಷ್ಟೇ. ಎರಡನೇದು ಯಾವುದು ಬಂತು, ಎಷ್ಟು ಪಾಯಿಂಟಿನಲ್ಲಿ ಸೋತಿತು, ಜ್ಯೂರಿಲಿ ಯಾರ್ಯಾರು ಇದ್ರು, ಅವ್ರು ಓಡಿಸಿದ್ದು ಯಾವ ಮಾಡೆಲ್, ಒಂದೂ ಇರಲ್ಲ. ಕಂಪನಿಯೋರು ಕಳಿಸಿದ್ದನ್ನ ಹಾಗೇ ಹಾಕಿದೀರೇನೋ ಅನ್ಸುತ್ತೆ, ಬೇಜಾರ್ ಮಾಡ್ಕೋಬೇಡಿ.

ನನಗೆ ಯಾಕೆ ಇಷ್ಟು ಉರಿ ಅಂತೀರಾ, ಹೇಳ್ತೀನಿ. ನಮ್ಮ ಕಡೆ ರಿಟೈರ್ಡ್ ಮೇಷ್ಟ್ರು ಒಬ್ರು ಇದಾರೆ, ನಾನು ಅಂಗಡಿ ಇಟ್ಟಾಗಿಂದ ನನ್ನ ಹತ್ರಾನೇ ಗಾಡಿ ಬಿಡೋರು. ಹಳೇ ಕಾರು ಮಾರಿ ಹೊಸದು ತಗೊಳೋವಾಗ ನನ್ನ ಕೇಳ್ಲಿಲ್ಲ, ನೇರ ತಗೊಂಡು ಬಂದು ನಿಲ್ಲಿಸಿ "ನೋಡಯ್ಯಾ, ಪ್ರಶಸ್ತಿ ಬಂದಿರೋ ಗಾಡಿ" ಅಂದ್ರು. ಹಿಂದಿನ ಗ್ಲಾಸಿಗೆ ಶೋರೂಮಿನೋರು ಬಂಗಾರದ ಬಣ್ಣದ ಸ್ಟಿಕ್ಕರ್ ಬೇರೆ ಅಂಟಿಸಿದ್ರು. ಚೆನ್ನಾಗೇ ಇತ್ತು ಗಾಡಿ, ಸುಳ್ಳು ಯಾಕೆ ಹೇಳ್ಲಿ, ಸೀಟು, ಪಿಕಪ್ಪು ಎಲ್ಲಾ ಸೂಪರ್. ಡ್ಯಾಶ್‌ಬೋರ್ಡಲ್ಲಿ ಒಂದು ಸ್ವಿಚ್ಚಿಲ್ಲ, ಎಲ್ಲಾ ಆ ದೊಡ್ಡ ಟಚ್ ಸ್ಕ್ರೀನಲ್ಲೇ, ಏಸಿನೂ ಅದ್ರಲ್ಲೇ.

ಎರಡು ವರ್ಷ ಎಂಟು ತಿಂಗಳಿಗೆ, ಜುಲೈ ತಿಂಗಳಲ್ಲಿ, ಧರ್ಮಸ್ಥಳಕ್ಕೆ ಹೋಗ್ವಾಗ ಮಾರನಹಳ್ಳಿ ದಾಟಿ ಶಿರಾಡಿ ಘಾಟಿ ಇಳಿಯೋ ಹೊತ್ತಿಗೆ ಸ್ಕ್ರೀನ್ ಕಪ್ಪಾಯ್ತು. ಹೊರಗೆ ಜಡಿಮಳೆ, ಒಳಗೆ ನಾಲ್ಕು ಜನ ಉಸಿರಾಡ್ತಾ ಇದಾರೆ, ಗ್ಲಾಸೆಲ್ಲ ಮಂಜು ಕಟ್ಟಿದಂಗೆ ಆಯ್ತು. ಏಸಿ ಹಾಕಿ ಗಾಳಿನ ಗ್ಲಾಸಿಗೆ ತಿರುಗಿಸಿದ್ರೆ ಎರಡು ನಿಮಿಷದಲ್ಲಿ ಬಿಟ್ಕೊಳುತ್ತೆ, ಆದ್ರೆ ತಿರುಗಿಸೋದಾದ್ರೂ ಎಲ್ಲಿ, ಬಟನ್ ಇದ್ರೆ ತಾನೇ. ಎದುರುಗಡೆಯಿಂದ ಟ್ಯಾಂಕರ್ ಲಾರಿಗಳು ಸಾಲಾಗಿ ಹತ್ತಿ ಬರ್ತಾ ಇದ್ವಂತೆ. ಮೇಷ್ಟ್ರ ಹೆಂಡ್ತಿ ಪಕ್ಕದಲ್ಲಿ ಕೂತು ನ್ಯೂಸ್ ಪೇಪರ್ ಮಡಚಿ ಗುಂಡ್ಯ ತನಕ ಗ್ಲಾಸ್ ಒರೆಸ್ಕೊಂಡು ಹೋದ್ರಂತೆ. ಅದು ನಿಮ್ಮ ಪೇಪರೇ ಸಾರ್, ನಾನು ಕೇಳಿದೆ.

ವಾಪಸ್ ಬಂದು ಗ್ಯಾರೇಜಲ್ಲಿ ನಿಲ್ಸಿದ್ರು. ಬ್ಯಾಟರಿ ಬಿಚ್ಚಿ ಹಾಕ್ದೆ, ಫ್ಯೂಸ್ ನೋಡ್ದೆ, ಸ್ಕ್ಯಾನರ್ ಹಾಕ್ದೆ, ಇಡೀ ಯೂನಿಟ್ಟೇ ಹೋಗಿದೆ ಅಂತ ಗೊತ್ತಾಯ್ತು. ಶೋರೂಮಲ್ಲಿ ಕೇಳಿದ್ರೆ ವಾರಂಟಿ ಮುಗಿದಿದೆ, ಯೂನಿಟ್ ಪೂರ್ತಿ ಚೇಂಜ್, ಎಪ್ಪತ್ತೆರಡು ಸಾವಿರ, ಆರ್ಡರ್ ಹಾಕಿದ್ರೆ ಬರುತ್ತೆ ಅಂದ್ರು. ಹಳೇ ಗಾಡಿಗಳಲ್ಲಿ ಏಸಿ ತಿರುಗಿಸೋ ಗುಂಡಿ ಮುರಿದ್ರೆ ಇನ್ನೂರು ರೂಪಾಯಿ, ಸಿಗ್ಲಿಲ್ಲ ಅಂದ್ರೆ ಪ್ಲೈಯರಲ್ಲಿ ತಿರುಗಿಸ್ಕೊಂಡು ವರ್ಷಗಟ್ಟಲೆ ಓಡಿಸಿದೋರು ಇದಾರೆ. ಯಾವ ಕಂಪನಿ ಅಂತ ಇಲ್ಲಿ ಬರೆಯಲ್ಲ, ಬರೆಯೋ ಅವಶ್ಯಕತೆನೂ ಇಲ್ಲ, ಯಾಕಂದ್ರೆ ನನ್ನ ತಕರಾರು ಕಂಪನಿ ಮೇಲಲ್ಲ, ಆ ಅವಾರ್ಡಿನ ಮೇಲೆ. ಅವತ್ತು ಆ ಗಾಡಿನ ಹೊಗಳಿದ್ದೇ ದೊಡ್ಡ ಸ್ಕ್ರೀನು, ನೀಟಾದ ಡ್ಯಾಶ್‌ಬೋರ್ಡು ಅಂತ. ಮಾರ್ಕ್ಸ್ ಕೊಟ್ಟಿದ್ದು ಯಾವುದಕ್ಕೋ ಘಾಟಿಲಿ ಕೈ ಕೊಟ್ಟಿದ್ದೂ ಅದೇ.

ಮದುವೆ ಮನೇಲಿ ಹೆಣ್ಣು ನೋಡಿ ಚೆನ್ನಾಗಿದೆ ಅಂದಂಗೆ ಆಯ್ತು ಇದು, ಸಂಸಾರ ಮಾಡೋನು ಬೇರೆ. ಜ್ಯೂರಿ ಕೈಗೆ ಬರೋ ಗಾಡಿ ಫ್ಯಾಕ್ಟರಿಯಿಂದ ಮೊನ್ನೆ ಬಂದಿದ್ದು, ಅದೂ ಟಾಪ್ ಎಂಡ್, ಟರ್ಬೋ ಇಂಜಿನ್ನು, ಆಟೋಮ್ಯಾಟಿಕ್ ಗೇರು, ಸನ್‌ರೂಫು. ನಮ್ಮ ಜನ ತಗೊಳೋದು ಅದ್ರಲ್ಲಿ ಕೊನೇದೋ ಕೊನೇದಕ್ಕಿಂತ ಮೇಲಿಂದೋ, ಮಾಮೂಲಿ ಪೆಟ್ರೋಲ್ ಇಂಜಿನ್ನು, ಕೈ ಗೇರು. ಹೆಸರೊಂದೇ, ಗಾಡಿ ಬೇರೆ. ಅವಾರ್ಡ್ ಮಾತ್ರ ಇಬ್ರಿಗೂ ಅಂಟ್ಕೊಳುತ್ತೆ.

ಇದಕ್ಕೆ ನನ್ನ ಗುರುಗಳು, ಬೆಂಗಳೂರಲ್ಲಿ ನಂಗೆ ಕೆಲಸ ಕಲಿಸಿದೋರು, ಒಂದು ಕಥೆ ಹೇಳ್ತಿದ್ರು. ರೋವರ್ ಎಸ್‌ಡಿ1 ಅಂತ ಇಂಗ್ಲೆಂಡಿನ ಕಾರು, 3500 ಸಿಸಿ ವಿ8 ಇಂಜಿನ್, 1977ರಲ್ಲಿ ಯುರೋಪಿನ ವರ್ಷದ ಕಾರು ಅಂತ ಪ್ರಶಸ್ತಿ ಗೆದ್ದಿತ್ತು. ಅಲ್ಲಿ ಅದರ ಕಾಲ ಮುಗೀತಾ ಬಂದಾಗ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿ ಅದೇ ಬಾಡಿ ತಂದು, ಒಳಗೆ ತಮ್ಮ ಹಳೇ ಕಾಲದ ಎರಡು ಲೀಟರ್ ಇಂಜಿನ್ ಕೂರಿಸಿ, 1985ರಲ್ಲಿ ಸ್ಟ್ಯಾಂಡರ್ಡ್ 2000 ಅಂತ ಬಿಟ್ರು. ಆ ಭಾರಕ್ಕೆ ಆ ಇಂಜಿನ್ ಎಳೀಬೇಕಲ್ಲ, ಎತ್ತಿನ ಬಂಡಿಗೆ ಕರು ಕಟ್ಟಿದಂಗೆ. ಮೂರ್ನಾಲ್ಕು ವರ್ಷಕ್ಕೆ ಗಾಡಿನೂ ನಿಲ್ತು, ಕಂಪನಿ ಬಾಗಿಲೂ ಮುಚ್ತು. ಗುರುಗಳು ಬಾನೆಟ್ ಎತ್ತಿದಾಗೆಲ್ಲ "ಮೇಲೆ ಯುರೋಪು, ಒಳಗೆ ನಮ್ಮೂರು" ಅಂತ ನಗ್ತಿದ್ರಂತೆ.

ಎಲ್ಲಾ ಅವಾರ್ಡೂ ದಂಡ ಅಂತ ನಾನು ಹೇಳ್ತಿಲ್ಲ. ನಮ್ಮ ದೇಶದಲ್ಲಿ ಇಂಡಿಯನ್ ಕಾರ್ ಆಫ್ ದಿ ಇಯರ್, ಐಕೋಟಿ ಅಂತಾರಲ್ಲ, ಅದು 2006ರಿಂದ ಇದೆ. ಬೇರೆ ಬೇರೆ ಮ್ಯಾಗಜೀನಿನ ಪತ್ರಕರ್ತರು ಕೂತು ಆರಿಸ್ತಾರೆ, ಹಿಂದೆ ನಿಂತಿರೋದು ಜೆಕೆ ಟೈರ್, ಮೈಸೂರಿನವರಿಗೆ ಗೊತ್ತಿರುತ್ತೆ, ನಮ್ಮ ವಿಕ್ರಾಂತ್ ಟೈರ್ ತಗೊಂಡೋರೇ ಅವ್ರು. ಮೊದಲನೇ ಸಲ ಗೆದ್ದಿದ್ದು ಸ್ವಿಫ್ಟು, ಆಮೇಲೆ 2012ರಲ್ಲೂ 2019ರಲ್ಲೂ ಅದೇ ಹೆಸರು. 2008ರಲ್ಲಿ ಐ10. ಇವೆರಡಕ್ಕೂ ಯಾರೂ ಬೆರಳು ತೋರಿಸೋ ಹಂಗಿಲ್ಲ, ಇವತ್ತಿಗೂ ಹಳೇ ಐ10 ಹೆಣ್ಮಕ್ಳು ಡ್ರೈವಿಂಗ್ ಕಲಿಯೋಕೆ ಹುಡುಕ್ಕೊಂಡು ಬರ್ತಾರೆ.

ಆದ್ರೆ 2010ರದ್ದು ನೋಡಿ, ನ್ಯಾನೋ. ಬಡವರಿಗೂ ಕಾರು ಅಂತ ಇಡೀ ದೇಶ ಕುಣೀತು, ಲಕ್ಷ ರೂಪಾಯಿ ಕಾರು ಅಂತ ನಾನೂ ಕುಣಿದಿದ್ದೆ, ಐಡಿಯಾಕ್ಕೆ ಅವಾರ್ಡ್ ಕೊಟ್ಟಿದ್ದು ತಪ್ಪೂ ಅಲ್ಲ. 2018ಕ್ಕೆ ತಯಾರಿಕೆನೇ ನಿಂತೋಯ್ತು. 2011ರದ್ದು ಫೋರ್ಡ್ ಫಿಗೋ, ಗಾಡಿ ಒಳ್ಳೇದು ಅನ್ನೋದ್ರಲ್ಲಿ ಎರಡು ಮಾತಿಲ್ಲ, ಸ್ಟೇರಿಂಗ್ ಹಿಡಿದ್ರೆ ಗೊತ್ತಾಗುತ್ತೆ, ಆದ್ರೆ 2021ರ ಸೆಪ್ಟೆಂಬರಲ್ಲಿ ಫೋರ್ಡಿನೋರು ಇಲ್ಲಿ ಕಾರು ಮಾಡೋದೇ ನಿಲ್ಲಿಸ್ತೀವಿ ಅಂದ್ಬಿಟ್ರು. ಯಾವ ಜ್ಯೂರಿ ಇದನ್ನೆಲ್ಲ ಮೊದಲೇ ಹೇಳೋಕಾಗುತ್ತೆ, ಆಗಲ್ಲ, ಸರಿ. ಹಾಗಾದ್ರೆ ಕೊಡೋ ಅವಸರ ಯಾಕೆ?

ಇನ್ನೊಂದು ಕಡೆ ನಮ್ಮ ಬಿಡದಿಯಲ್ಲೇ ತಯಾರಾಗೋ ಇನ್ನೋವಾ. 2005ರಿಂದ ಇದೆ, ಏರ್‌ಪೋರ್ಟಿಂದ ಎಮ್ಮೆಲ್ಲೆ ಮನೆ ತನಕ ಅದೇ, ಮೂರು ಮೂರೂವರೆ ಲಕ್ಷ ಕಿಲೋಮೀಟರ್ ಓಡಿದ ಗಾಡಿ ನನ್ನ ರ‍್ಯಾಂಪ್ ಮೇಲೆ ಬಂದು ಆಯಿಲ್ ಬದಲಾಯಿಸ್ಕೊಂಡು ಹೋಗುತ್ತೆ. ಅದಕ್ಕೆ ಒಂದು ಸಲನೂ ಐಕೋಟಿ ಬಂದಿಲ್ಲ. ಟ್ಯಾಕ್ಸಿಯೋರ ಕಣ್ಮಣಿ ಡಿಜೈರ್‌ಗೂ ಬಂದಿಲ್ಲ. ಬೊಲೆರೋ ಅಂತೂ ಈ ಅವಾರ್ಡ್ ಹುಟ್ಟೋಕೆ ಮುಂಚೆನೇ, 2000ದಲ್ಲೇ ಬಂದಿದ್ದು, ಪಂಚಾಯ್ತಿ, ಪೊಲೀಸು, ಕಾಫಿ ಎಸ್ಟೇಟು ಎಲ್ಲಾ ಕಡೆ ಇನ್ನೂ ದುಡೀತಾ ಇದೆ. ಟ್ಯಾಕ್ಸಿ ಸ್ಟ್ಯಾಂಡಲ್ಲಿ ಹೋಗಿ ವೋಟ್ ಹಾಕಿಸಿ ನೋಡಿ, ಲಿಸ್ಟೇ ಬೇರೆ ಬರುತ್ತೆ.

ವೋಟು ಅಂದ ತಕ್ಷಣ ನೆನಪಾಯ್ತು. ನಮ್ಮ ಅಕ್ಕನ ಮಗ ಜರ್ಮನಿಲಿ ಸ್ಟುಟ್‌ಗಾರ್ಟ್ ಹತ್ರ ಕೆಲಸದಲ್ಲಿದಾನೆ, ಊರಿಗೆ ಬಂದಾಗೆಲ್ಲ ಗ್ಯಾರೇಜಲ್ಲಿ ಕೂತು ಹರಟೆ ಹೊಡೀತಾನೆ. ಅಲ್ಲಿ ಎಡಿಎಸಿ ಅಂತ ವಾಹನ ಮಾಲೀಕರ ಸಂಘ ಇದೆ, 2014ರಲ್ಲಿ ಅದಕ್ಕೆ ಸುಮಾರು 1.9 ಕೋಟಿ ಮೆಂಬರುಗಳು. ಅವ್ರೂ ಪ್ರತಿ ವರ್ಷ ಪ್ರಶಸ್ತಿ ಕೊಡೋರು, ಹೆಸರು 'ಹಳದಿ ದೇವದೂತ', ಯಾಕಂದ್ರೆ ರೋಡಲ್ಲಿ ಗಾಡಿ ಕೆಟ್ರೆ ಹಳದಿ ಕಾರಲ್ಲಿ ಬಂದು ರಿಪೇರಿ ಮಾಡೋ ಅವರ ಮೆಕ್ಯಾನಿಕ್‌ಗಳನ್ನ ಜನ ಹಂಗೇ ಕರೀತಾರೆ. 2014ರ ಜನವರಿಲಿ ಪೇಪರಿನೋರು ಕೆದಕಿದಾಗ ಗೊತ್ತಾಗಿದ್ದು ಏನು ಅಂದ್ರೆ, ಜರ್ಮನರ ನೆಚ್ಚಿನ ಕಾರು ಅಂತ ಫೋಕ್ಸ್‌ವ್ಯಾಗನ್ ಗಾಲ್ಫ್‌ಗೆ 34,299 ವೋಟು ಬಂದಿದೆ ಅಂತ ಲೆಕ್ಕ ಬರ್ಕೊಂಡಿದ್ರು, ನಿಜವಾಗಿ ಬಂದಿದ್ದು 3,409. ಸಂಘದೋರೇ ಮನಸಿಗೆ ಬಂದಂಗೆ ಅಂಕಿ ಬರೆದಿದ್ರು. ಅವರ ಪತ್ರಿಕೆ ನೋಡ್ಕೊಳೋ ದೊಡ್ಡ ಮನುಷ್ಯ ಹೋದ, ಮುಂದಿನ ತಿಂಗಳು ಅಧ್ಯಕ್ಷರೂ ರಾಜೀನಾಮೆ ಕೊಟ್ರು, ಕಾರ್ ಕಂಪನಿಗಳು ನಿಮ್ಮ ಟ್ರೋಫಿ ನೀವೇ ಇಟ್ಕೊಳಿ ಅಂತ ವಾಪಸ್ ಕೊಡೋಕೆ ನಿಂತ್ವು. ಬಯಲಿಗೆ ತಂದಿದ್ದು ಒಂದು ದಿನಪತ್ರಿಕೆ, ಇದನ್ನ ನಿಮಗೆ ಅಂತಾನೇ ಬರೀತಿದೀನಿ.

ಮಜಾ ಏನು ಗೊತ್ತಾ, ಅದೇ ಸಂಘ 1978ರಿಂದ ಇನ್ನೊಂದು ಲಿಸ್ಟ್ ಹಾಕ್ತಾ ಬಂದಿದೆ, ಯಾವ ಮಾಡೆಲ್ ರೋಡಲ್ಲಿ ಎಷ್ಟು ಸಲ ಕೆಟ್ಟು ನಿಲ್ತು, ಬ್ಯಾಟರಿನಾ, ಇಂಜಿನ್ನಾ ಅಂತ, ಆ ಹಳದಿ ಗಾಡಿಯೋರು ಸ್ಥಳಕ್ಕೆ ಹೋದ ಲೆಕ್ಕದಿಂದ. ಅದಕ್ಕೆ ಟ್ರೋಫಿ ಇಲ್ಲ, ಫಂಕ್ಷನ್ ಇಲ್ಲ, ಹಾರ ಇಲ್ಲ. ನಮ್ಮ ಹುಡುಗ ಅಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ ತಗೊಂಡಾಗ ಪ್ರಶಸ್ತಿ ಲಿಸ್ಟ್ ನೋಡ್ಲಿಲ್ಲ, ಇದನ್ನ ನೋಡ್ದ.

ಅವನು ಹೇಳಿದ ಇನ್ನೊಂದು ಕಥೆ ಬರೀದೆ ಇರೋಕಾಗಲ್ಲ. ಅವನಿರೋ ಕಡೆಗೆ ಹತ್ರಾನೇ ನೆಕಾರ್‌ಸುಲ್ಮ್ ಅಂತ ಊರು, ಅಲ್ಲಿ ಎನ್‌ಎಸ್‌ಯು ಅನ್ನೋ ಕಂಪನಿ 1967ರಲ್ಲಿ ಆರ್‌ಓ 80 ಅಂತ ಕಾರು ಬಿಟ್ರು. ಪಿಸ್ಟನ್ನೇ ಇಲ್ಲದ, ಒಳಗೆ ತ್ರಿಕೋನದ ರೋಟರ್ ತಿರುಗೋ ವಾಂಕೆಲ್ ಇಂಜಿನ್ನು. ನೋಡಿದ್ರೆ ಇವತ್ತಿನ ಕಾರು ಅನ್ನಬೇಕು ಹಂಗಿದೆ, ನಾನು ಫೋಟೋ ನೋಡಿ ನಂಬ್ಲಿಲ್ಲ. 1968ರ ಯುರೋಪಿನ ವರ್ಷದ ಕಾರು ಅದೇ. ಆದ್ರೆ ರೋಟರಿನ ಮೂಲೆಲಿ ಇರೋ ಸೀಲುಗಳು ಸವೆದು ಇಂಜಿನ್ನೇ ಕೂತುಬಿಡೋದು, ವಾರಂಟಿಲಿ ಇಂಜಿನ್ ಮೇಲೆ ಇಂಜಿನ್ ಕೊಟ್ಟು ಕೊಟ್ಟು ಕಂಪನಿ ಸುಸ್ತಾಯ್ತು, 1969ರಲ್ಲಿ ಫೋಕ್ಸ್‌ವ್ಯಾಗನ್ ಕೈಗೆ ಹೋಗಿ ಆಡಿ ಜೊತೆ ಸೇರ್ಕೊಂತು. ಆ ಕಾರಿನ ಮಾಲೀಕರು ರೋಡಲ್ಲಿ ಎದುರಾದ್ರೆ ನಮಸ್ಕಾರದ ಬದಲು ಬೆರಳು ಎತ್ತಿ ತೋರಿಸೋರಂತೆ, ಎರಡು, ಮೂರು, ಎಷ್ಟು ಇಂಜಿನ್ ಬದಲಾಯಿಸಿದೀವಿ ಅಂತ. ನಮ್ಮ ಮೇಷ್ಟ್ರಿಗೆ ಹೇಳ್ದೆ, ನಗ್ಲಿಲ್ಲ.

ಆದ್ರೂ ಆ ಯುರೋಪಿನೋರ ಒಂದು ಪದ್ಧತಿ ನಂಗೆ ಇಷ್ಟ ಆಯ್ತು. ಒಬ್ಬೊಬ್ಬ ಜ್ಯೂರಿಗೆ 25 ಪಾಯಿಂಟು, ಅದನ್ನ ಕಮ್ಮಿ ಅಂದ್ರೂ ಐದು ಕಾರಿಗೆ ಹಂಚಬೇಕು, ಒಂದಕ್ಕೆ 10ಕ್ಕಿಂತ ಜಾಸ್ತಿ ಕೊಡಂಗಿಲ್ಲ, ಯಾರು ಯಾವುದಕ್ಕೆ ಎಷ್ಟು ಕೊಟ್ರು, ಯಾಕೆ ಕೊಟ್ರು ಅಂತ ಹೆಸರು ಸಮೇತ ಹೊರಗೆ ಹಾಕ್ತಾರೆ. 2019ರಲ್ಲಿ ಜಾಗ್ವಾರ್ ಐ-ಪೇಸ್, ಆಲ್ಪೀನ್ ಎ110 ಎರಡಕ್ಕೂ 250 ಪಾಯಿಂಟ್ ಬಂದು ಟೈ ಆಯ್ತು, ಹೆಚ್ಚು ಜನ ಮೊದಲನೇ ಸ್ಥಾನ ಕೊಟ್ಟಿದ್ದು ಯಾವುದಕ್ಕೆ ಅಂತ ಎಣಿಸಿ ಜಾಗ್ವಾರ್‌ಗೆ ಕೊಟ್ರು. ಎರಡನೇ ಕಾರು ಕೂದಲೆಳೇಲಿ ಸೋತಿತು ಅಂತ ಓದೋನಿಗೆ ಗೊತ್ತಾಗೋದು ಹಿಂಗೆ ಬರೆದಾಗ ಮಾತ್ರ.

ಹಂಗಾಗಿ ನಾನು ಕೇಳೋದು ಜಾಸ್ತಿ ಏನಿಲ್ಲ. ಮುಂದಿನ ಸಲ ಅವಾರ್ಡ್ ಸುದ್ದಿ ಹಾಕ್ವಾಗ ಪಾಯಿಂಟ್ ಹಾಕಿ, ಜ್ಯೂರಿ ಓಡಿಸಿದ್ದು ಯಾವ ಮಾಡೆಲ್ ಅಂತ ಒಂದು ಲೈನ್ ಹಾಕಿ. ಅದರ ಪಕ್ಕದಲ್ಲೇ ಐದು ವರ್ಷದ ಹಿಂದೆ ಗೆದ್ದ ಕಾರು ಈಗ ಹೆಂಗಿದೆ ಅಂತ ಒಂದು ಕಾಲಂ ಇಡಿ, ಪಾರ್ಟ್ಸ್ ಸಿಗ್ತಾ ಇದ್ಯಾ, ರೀಸೇಲ್ ಎಷ್ಟು, ಕಂಪನಿ ಏನಾದ್ರೂ ವಾಪಸ್ ಕರೆಸಿ ರಿಪೇರಿ ಮಾಡ್ಕೊಟ್ಟಿದಾರಾ. 2021ರದ್ದು ಹೊಸ ಐ20, 2022ರದ್ದು ಎಕ್ಸ್‌ಯುವಿ 700, ಶುರು ಮಾಡೋಕೆ ಇವೆರಡು ಸಾಕು, ಎರಡೂ ರಸ್ತೆ ತುಂಬಾ ಇವೆ, ಮಾಲೀಕರನ್ನ ಹುಡುಕೋದು ಕಷ್ಟ ಅಲ್ಲ. ಬರೆಯೋರು ಬೆಂಗಳೂರಲ್ಲಿ ಕೂತು ಫೋನ್ ಮಾಡ್ಬೇಡಿ, ಹಾಸನಕ್ಕೆ ಬನ್ನಿ, ಮಳೆಗಾಲದಲ್ಲೇ ಬನ್ನಿ, ಸಕಲೇಶಪುರದ ತನಕ ನಾನೇ ಬಂದು ಘಾಟಿ ತೋರಿಸ್ತೀನಿ, ಟೀ ಖರ್ಚು ನಂದು.

ಮೇಷ್ಟ್ರ ಸ್ಕ್ರೀನ್ ಇನ್ನೂ ಬಂದಿಲ್ಲ. ಅಲ್ಲೀತನಕ ಅವ್ರು ಬಸ್ಸಲ್ಲಿ ಓಡಾಡ್ತಿದಾರೆ.

ಇಂತಿ ನಿಮ್ಮ ಓದುಗ,
ಒಬ್ಬ ಗ್ಯಾರೇಜಿನವನು, ಹಾಸನ