ಲಾಂಟಾನದೊಳಗೆ ಜಾಡು ಹಿಡಿಯುವುದನ್ನು ಲಾಂಟಾನದೊಳಗೇ ಕಲಿಸಿ

ಮಾನ್ಯ ಸಂಪಾದಕರೇ,

ಕಳ್ಳತನವೋ ಕೊಲೆಯೋ ನಡೆದಾಗ ಪತ್ರಿಕೆಗಳಲ್ಲಿ ಒಂದು ಸಾಲು ತಪ್ಪದೆ ಬರುತ್ತದೆ: ‘ಶ್ವಾನದಳ ಬಂದಿತ್ತು, ನಾಯಿ ಸ್ವಲ್ಪ ದೂರ ಹೋಗಿ ನಿಂತಿತು.’ ನಮ್ಮ ಮಲೆನಾಡಿನ ಸುದ್ದಿಯಾದರೆ ಆ ಸ್ವಲ್ಪ ದೂರ ಎಂದರೆ ಎಷ್ಟೋ ಸಲ ತೋಟದ ಬೇಲಿಯವರೆಗೆ ಮಾತ್ರ. ಬೇಲಿಯಾಚೆ ಲಾಂಟಾನದ ಮುಳ್ಳುಪೊದೆ, ಬಿದಿರು ಮೆಳೆ, ಹಳ್ಳ. ಓದಿದವರು ನಾಯಿಗೆ ವಾಸನೆ ಸಿಗಲಿಲ್ಲ ಎಂದುಕೊಳ್ಳುತ್ತಾರೆ. ಶ್ವಾನದಳದಲ್ಲಿ ಹ್ಯಾಂಡ್ಲರ್, ಅಂದರೆ ನಾಯಿಯನ್ನು ಪಳಗಿಸಿ ನಡೆಸುವವ, ಆಗಿದ್ದು ನಿವೃತ್ತನಾದ ನನಗೆ ಇದನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ. ಬಹಳ ಸಲ ನಾಯಿಯ ಮೂಗು ಸೋತಿರುವುದಿಲ್ಲ. ಅಂಥ ಪೊದೆಯೊಳಗೆ ನುಗ್ಗಿ ಕೆಲಸ ಮಾಡುವುದನ್ನು ಅದಕ್ಕೆ ಯಾರೂ ಕಲಿಸಿರುವುದಿಲ್ಲ.

ನಿಜ ಹೇಳಬೇಕೆಂದರೆ ವಾಸನೆ ಉಳಿಯುವುದಕ್ಕೆ ಡಾಂಬರು ರಸ್ತೆಗಿಂತ ಕಾಡೇ ಒಳ್ಳೆಯ ಜಾಗ. ಮನುಷ್ಯ ನಡೆಯುವಾಗ ಅವನ ಚರ್ಮದ ಸಣ್ಣ ಸಣ್ಣ ಹೊಟ್ಟು ಉದುರುತ್ತಲೇ ಇರುತ್ತದೆ. ಪೊದೆಯಲ್ಲಿ ಅದು ಮೊಣಕಾಲು, ಸೊಂಟದ ಎತ್ತರದ ಎಲೆಗಳಿಗೂ ಅಂಟುತ್ತದೆ. ಕಾಲಡಿ ಜಜ್ಜಿದ ಸೊಪ್ಪಿನ ವಾಸನೆ, ಕದಡಿದ ಮಣ್ಣಿನ ವಾಸನೆ ಬೇರೆ. ನೆರಳು, ತೇವ ಇರುವುದರಿಂದ ಇದೆಲ್ಲ ಬೇಗ ಆರುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕಾದ ರಸ್ತೆಯಲ್ಲಿ ಅದೇ ವಾಸನೆ ಎಷ್ಟೋ ಬೇಗ ಹೋಗಿಬಿಡುತ್ತದೆ.

ಕಷ್ಟ ಇರುವುದು ಬೇರೆ ಕಡೆ. ಕಾಡಿನಲ್ಲಿ ವಾಸನೆ ಹೆಜ್ಜೆಯ ಮೇಲೆ ಮಾತ್ರ ಇರುವುದಿಲ್ಲ. ತಗ್ಗಿನಲ್ಲಿ ಹೋಗಿ ನಿಲ್ಲುತ್ತದೆ. ಸಂಜೆ ತಂಪಾದ ಗಾಳಿಯ ಜೊತೆ ಇಳಿಜಾರಿನಲ್ಲಿ ಕೆಳಗಿಳಿಯುತ್ತದೆ, ಬೆಳಿಗ್ಗೆ ಬಿಸಿಲೇರಿದಂತೆ ಗುಡ್ಡ ಹತ್ತುತ್ತದೆ. ಆಗ ನಾಯಿ ನೆಲದಿಂದ ಮೂಗು ಎತ್ತಿ ಗಾಳಿ ಹಿಡಿಯುತ್ತದೆ. ಓಡಿದವನು ಮೆಳೆಯನ್ನು ಸುತ್ತಿಬಳಸಿ ಹೋಗಿದ್ದರೆ ನಾಯಿ ನೇರ ಮೆಳೆಯೊಳಗೇ ನುಗ್ಗಲು ನೋಡುತ್ತದೆ. ಮೈದಾನದಲ್ಲಿ ಮಾತ್ರ ಕಲಿತ ಹ್ಯಾಂಡ್ಲರ್ ನಾಯಿ ದಾರಿ ತಪ್ಪಿತು ಎಂದುಕೊಂಡು ಹಗ್ಗ ಜಗ್ಗುತ್ತಾನೆ. ಎರಡು ಸಲ ಜಗ್ಗಿದರೆ ಸಾಕು, ನಾಯಿ ಹ್ಯಾಂಡ್ಲರ್ ಮುಖ ನೋಡಲು ಶುರು ಮಾಡುತ್ತದೆ. ಆಮೇಲೆ ಅದು ಹುಡುಕುವುದು ಕಳ್ಳನನ್ನಲ್ಲ, ನಮ್ಮ ಮೆಚ್ಚುಗೆಯನ್ನು.

ಹಗ್ಗದ ವಿಷಯವನ್ನೇ ನೋಡಿ. ಬಯಲಿನಲ್ಲಿ ಉದ್ದ ಹಗ್ಗ ಬಿಟ್ಟು ಹಿಂದೆ ಓಡಬಹುದು. ಲಾಂಟಾನದಲ್ಲಿ ಅದು ನಾಲ್ಕು ಮಾರು ಹೋಗುವಷ್ಟರಲ್ಲಿ ಮುಳ್ಳುಕಡ್ಡಿಗೆ ಸುತ್ತಿಕೊಳ್ಳುತ್ತದೆ. ಕೊರಳಪಟ್ಟಿಗೆ ಕಟ್ಟಿದ್ದರೆ ನಾಯಿಯ ಗಂಟಲು ಬಿಗಿಯುತ್ತದೆ, ತಲೆ ಮೇಲೇಳುತ್ತದೆ, ಜಾಡು ಬಿಟ್ಟುಹೋಗುತ್ತದೆ. ಎದೆಗೆ ಹಾಕುವ ಹಾರ್ನೆಸ್ ಬೇಕು. ಕೊಂಬೆಗೆ ಸಿಕ್ಕುವ ಕೊಂಡಿ, ಪಟ್ಟಿ ಅದರಲ್ಲಿ ಇರಬಾರದು. ಹಗ್ಗವನ್ನು ಪೊದೆಯ ಅಡಿಯಿಂದ ಬಿಟ್ಟು ಆ ಕಡೆ ಹೋಗಿ ಹಿಡಿಯುವುದು ಕೈಗೆ ಅಭ್ಯಾಸವಾಗಿರಬೇಕು. ಹಗ್ಗ ಬಿಟ್ಟ ಆ ಗಳಿಗೆಯಲ್ಲಿ ನಾಯಿ ಓಡಿಹೋಗದೆ ಕಾಯುವುದನ್ನೂ ಕಲಿತಿರಬೇಕು. ಇದನ್ನು ಕ್ಲಾಸಿನಲ್ಲಿ ಹೇಳಿಕೊಟ್ಟರೆ ಬರುವುದಿಲ್ಲ.

ನಾನು ಕೆಲಸ ಮಾಡಿದ ಕಡೆ ದಿನದ ಅಭ್ಯಾಸವೆಲ್ಲ ಮೈದಾನದಲ್ಲೇ. ಒಬ್ಬ ಪೇದೆ ಕರ್ಚೀಫು ಬಿಟ್ಟು ನಡೆದುಹೋಗುತ್ತಿದ್ದ, ನಾಯಿ ಹಿಂಬಾಲಿಸುತ್ತಿತ್ತು. ಶುರುವಿಗೆ ಅದು ಸರಿಯೇ. ಐವತ್ತು ಹೆಜ್ಜೆಯ ನೇರ ಜಾಡು, ಆಮೇಲೆ ಒಂದು ತಿರುವು, ಆಮೇಲೆ ಅರ್ಧ ಗಂಟೆ ಹಳೆಯ ಜಾಡು, ಹೀಗೆ ಏರಿಸಬೇಕು. ಆದರೆ ಮೂಲ ತರಬೇತಿ ಮುಗಿದ ನಾಯಿಯನ್ನು ಕಾಫಿ ತೋಟಕ್ಕೆ, ಹಳ್ಳದ ದಂಡೆಗೆ, ಕಾಡಂಚಿಗೆ ಮತ್ತೆ ಮತ್ತೆ ಕರೆದೊಯ್ಯಬೇಕು ಅಲ್ವಾ? ಕಾಡುಹಂದಿ ಈಗಷ್ಟೇ ದಾಟಿದ ಜಾಗದಲ್ಲೂ ಮನುಷ್ಯನ ಜಾಡು ಬಿಡದ ಹಾಗೆ ಅದನ್ನು ಪಳಗಿಸಬೇಕು. ಅದೂ ಮಳೆಗಾಲ, ಚಳಿ, ಬೇಸಿಗೆ ಮೂರರಲ್ಲೂ.

ಅಪಾಯಗಳನ್ನೂ ಹೇಳಲೇಬೇಕು. ಹಂದಿಗೆಂದು ಕಟ್ಟಿದ ಉರುಳು, ಇಟ್ಟ ಸಿಡಿಮದ್ದು ನಮ್ಮ ಕಡೆ ಇರುತ್ತವೆ. ಚಿರತೆಗೆ ನಾಯಿ ಎಂದರೆ ಸುಲಭದ ಬೇಟೆ. ಉಂಬಳ ನಾಯಿಯ ಮೂಗಿನೊಳಗೇ ಸೇರಿಕೊಳ್ಳುತ್ತದೆ. ಉಣುಗು ಕಚ್ಚಿದರೆ ನಾಯಿಗೆ ಜ್ವರ, ರಕ್ತಹೀನತೆ. ಹ್ಯಾಂಡ್ಲರ್‌ಗೆ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಭಯ. ಅದು 1957ರಲ್ಲಿ ಮೊದಲು ಕಂಡಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿಂದ ಬಂದ ಮೇಲೆ ಕಿವಿ, ಬೆರಳ ಸಂದು, ಬಾಲದ ಬುಡ ನೋಡುವುದು ಊಟದಷ್ಟೇ ಮುಖ್ಯ. ಡಾಬರ್‌ಮನ್ ಚುರುಕಾದ ನಾಯಿ, ನನಗೂ ಪ್ರೀತಿ. ಆದರೆ ಅದರ ತೆಳು ಕೂದಲು ಮುಳ್ಳನ್ನೂ ಆಗಸ್ಟಿನ ಮಳೆಯನ್ನೂ ತಡೆಯುವುದಿಲ್ಲ. ತಳಿ ಆರಿಸುವಾಗ ಊರಿನ ಹವೆಯನ್ನೂ ನೋಡಬೇಕು.

ಕಲಿಸಿದರೆ ನಾಯಿ ಏನು ಮಾಡಬಲ್ಲದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ದಾವಣಗೆರೆ ಪೊಲೀಸರ ತುಂಗಾ 2020ರಲ್ಲಿ ಹತ್ತು ಕಿಲೋಮೀಟರಿಗಿಂತ ಜಾಸ್ತಿ ಓಡಿ ಕೊಲೆ ಆರೋಪಿಯ ಸುಳಿವು ಕೊಟ್ಟಿತು. ಬಂಡೀಪುರದ ಅರಣ್ಯ ಇಲಾಖೆಯ ರಾಣಾ ಎಂಬ ಜರ್ಮನ್ ಶೆಫರ್ಡ್ ಮಧ್ಯಪ್ರದೇಶದಲ್ಲಿ ತರಬೇತಿ ಪಡೆದು ಬಂದು ಬೇಟೆಗಾರರ ಜಾಡು ಹಿಡಿದಿದ್ದನ್ನು ಎಲ್ಲರೂ ಓದಿದ್ದೇವೆ. ಬೆಂಗಳೂರಿನ ಹತ್ತಿರ ತರಳುವಿನಲ್ಲಿ ಸಿಆರ್‌ಪಿಎಫ್‌ನ ನಾಯಿ ತರಬೇತಿ ಶಾಲೆಯೇ ಇದೆ. ಅಲ್ಲಿ ಪಳಗಿದ ಬೆಲ್ಜಿಯನ್ ಮ್ಯಾಲಿನಾಯ್ ನಾಯಿಗಳು ನಕ್ಸಲ್ ಪ್ರದೇಶದ ಕಾಡುಗಳಲ್ಲಿ ಜವಾನರ ಜೊತೆ ನಡೆಯುತ್ತವೆ. ಆ ಅನುಭವ ನಮ್ಮ ಜಿಲ್ಲೆಗಳ ಶ್ವಾನದಳಕ್ಕೂ ಸಿಗಲಿ. ಜೇನುಕುರುಬರು, ಸೋಲಿಗರು ಮುರಿದ ಕಡ್ಡಿ, ಮಗುಚಿದ ಎಲೆ ನೋಡಿ ದಾರಿ ಹೇಳಬಲ್ಲರು. ತರಬೇತಿಯಲ್ಲಿ ಅವರನ್ನು ಗೌರವದಿಂದ, ಸರಿಯಾದ ಸಂಬಳ ಕೊಟ್ಟು ಸೇರಿಸಿಕೊಳ್ಳಬೇಕು. ನಾಯಿ ಜಾಡು ಬಿಟ್ಟ ಕಡೆ ಅವರ ಕಣ್ಣು ಕೆಲಸಕ್ಕೆ ಬರುತ್ತದೆ.

ಜನರಲ್ಲೂ ಒಂದು ವಿನಂತಿ. ಘಟನೆ ನಡೆದ ಜಾಗಕ್ಕೆ ಊರೆಲ್ಲ ನುಗ್ಗಬೇಡಿ. ಬಿಟ್ಟುಹೋದ ಚಪ್ಪಲಿಯನ್ನು ಸುಮ್ನೆ ಎತ್ತಿ ನೋಡಬೇಡಿ. ಕಳ್ಳ ಕಾಡಿಗೆ ನುಗ್ಗಿದ ಕಿಂಡಿಯಲ್ಲಿ ಮೂವತ್ತು ಜನ ಬ್ಯಾಟರಿ ಹಿಡಿದು ಹೋದ ಮೇಲೆ ನಾಯಿಗೆ ಯಾರ ಜಾಡು ತೋರಿಸುವುದು? ನಾಯಿ ಮುಂದೆ ನಿಂತ ಮಾತ್ರಕ್ಕೆ ಯಾರನ್ನೂ ಅಪರಾಧಿ ಎನ್ನಲೂಬೇಡಿ. ನಾಯಿಯ ಜಾಡನ್ನೇ ನಂಬಿ ಶಿಕ್ಷೆ ಕೊಡಲು ನ್ಯಾಯಾಲಯಗಳು ಒಪ್ಪುವುದಿಲ್ಲ. ಅದು ತನಿಖೆಗೆ ದಿಕ್ಕು ತೋರಿಸುತ್ತದೆ, ಅಷ್ಟೇ.

ಚಿಕ್ಕಮಗಳೂರು, ಶಿವಮೊಗ್ಗ, ಕೊಡಗು, ಉತ್ತರ ಕನ್ನಡ ಜಿಲ್ಲೆಗಳ ಪೊಲೀಸ್ ಮತ್ತು ಅರಣ್ಯ ಇಲಾಖೆಗಳು ಸೇರಿ ಪ್ರತಿ ತಿಂಗಳು ಎರಡು ದಿನವಾದರೂ ಕಾಡಂಚಿನಲ್ಲಿ ಅಭ್ಯಾಸ ನಡೆಸಲಿ. ಇದಕ್ಕೆ ಹೊಸ ಕಟ್ಟಡ ಬೇಡ. ಜೀಪು, ಪಶುವೈದ್ಯರು, ಒಳ್ಳೆಯ ಹಾರ್ನೆಸ್, ಜೊತೆಗೆ ಮುಂದೆ ನಡೆದು ಅಡಗಿ ಕೂರಲು ಹೊಸ ಹೊಸ ಜನ ಬೇಕು. ಒಂದೇ ಪೇದೆಯ ವಾಸನೆ ನಾಯಿಗೆ ಬೇಗ ಬಾಯಿಪಾಠವಾಗಿಬಿಡುತ್ತದೆ. ನಮ್ಮ ಊರಿನ ಹುಡುಗರು ಬರಲು ಸಿದ್ಧರಿದ್ದಾರೆ. ಮಂಡಿ ನೋವಿದ್ದರೂ ಗುಡ್ಡ ಹತ್ತಬಲ್ಲೆ, ಕರೆದರೆ ನಾನೂ ಬರುತ್ತೇನೆ.

– ಶ್ವಾನದಳದ ನಿವೃತ್ತ ಹೆಡ್ ಕಾನ್‌ಸ್ಟೆಬಲ್, ಕೊಪ್ಪ ತಾಲ್ಲೂಕು