ಜೇಬಿಗೆ ಮ್ಯಾಗ್ನಮ್ ಕೊಳ್ಳುವ ಮುನ್ನ

ಸಂಪಾದಕರಿಗೆ,

ಮಾನ್ಯರೆ,

ಅಮೆರಿಕದಲ್ಲಿ ಮೋಟೆಲ್, ಪೆಟ್ರೋಲ್ ಬಂಕ್, ದಿನಸಿ ಅಂಗಡಿ ನಡೆಸುವ ಭಾರತೀಯರ ಮೇಲೆ ದರೋಡೆಕೋರರು ಎರಗಿದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಾಗಲೆಲ್ಲ ಅಲ್ಲಿನ ಕನ್ನಡಿಗರ ನಡುವೆ ಒಂದು ಸಲಹೆ ಓಡಾಡತೊಡಗುತ್ತದೆ: ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದಾದ, ಆದರೆ ಹೆಚ್ಚು ಬಲದ ತೋಟಾ ಹಾರಿಸುವ ಮ್ಯಾಗ್ನಮ್ ರಿವಾಲ್ವರ್ ಒಂದು ಇಟ್ಟುಕೊಳ್ಳಿ. ಇಟ್ಟುಕೊಳ್ಳಬೇಕೋ ಬೇಡವೋ ಎಂಬುದು ಅವರವರ ತೀರ್ಮಾನ. ಆದರೆ ಅಂಗಡಿಯಲ್ಲಿ ಕೈಗೆ ಹಗುರವೆನಿಸಿದ್ದನ್ನು ಕೊಂಡು, ಒಮ್ಮೆ ಐದು ಗುಂಡು ಹಾರಿಸಿ, ಅದರ ಒದೆತಕ್ಕೆ ಹೆದರಿ ಮತ್ತೆ ಅಭ್ಯಾಸದ ಕಡೆ ತಲೆ ಹಾಕದವರು ಬಹಳ ಮಂದಿ. ಅಭ್ಯಾಸವಿಲ್ಲದ ಕೈಯಲ್ಲಿರುವ ತುಂಬಿದ ರಿವಾಲ್ವರ್ ಮನೆಯವರಿಗೂ ನೆರೆಯವರಿಗೂ ಅಪಾಯ. ಆದ್ದರಿಂದ ಈ ಪತ್ರ.

ಎಲ್ಲಕ್ಕೂ ಮೊದಲು ವೀಸಾ. ಎಚ್-1ಬಿ, ಎಚ್-4, ಎಲ್-1, ಎಫ್-1 ಮುಂತಾದ ತಾತ್ಕಾಲಿಕ ವೀಸಾದ ಮೇಲೆ ಬಂದವರು ಅಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವಂತಿಲ್ಲ. ಗೆಳೆಯನ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಅವನ ರಿವಾಲ್ವರನ್ನು ಕೈಗೆತ್ತಿಕೊಳ್ಳುವುದೂ ಹೊಂದಿದಂತೆಯೇ. ಬೇಟೆಯ ಪರವಾನಗಿ ಇದ್ದವರಿಗೆ ವಿನಾಯಿತಿಯೊಂದಿದೆ, ನಿಜ. ಆದರೆ ಅದನ್ನೇ ನೆಚ್ಚಿಕೊಂಡು ಹೊರಡುವ ಮುನ್ನ ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳಲೇಬೇಕು. 2022ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ ಗರಿಷ್ಠ 15 ವರ್ಷ ಜೈಲು. ಕೊಳ್ಳುವಾಗ ತುಂಬುವ 4473 ನಮೂನೆಯಲ್ಲಿ ಸುಳ್ಳು ಬರೆದರೆ ಅದು ಬೇರೆಯೇ ಅಪರಾಧ. ಗ್ರೀನ್ ಕಾರ್ಡ್ ಇದ್ದವರು ಮತ್ತು ಪೌರತ್ವ ಪಡೆದವರು ಕೊಳ್ಳಬಹುದು. ಪರವಾನಗಿ ಹೊಂದಿದ ಅಂಗಡಿಯಲ್ಲಿ ಕೈಬಂದೂಕು ಕೊಳ್ಳಲು 21 ವರ್ಷ ತುಂಬಿರಬೇಕು.

ಮುಂದಿನದು ರಾಜ್ಯದ ಕಾನೂನು. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ ಅರ್ಹರಾದವರು ಪರವಾನಗಿ ಇಲ್ಲದೆಯೂ ಕೈಬಂದೂಕು ಒಯ್ಯಬಹುದು. ನ್ಯೂಜೆರ್ಸಿಯಲ್ಲಿ ಕೊಳ್ಳುವುದಕ್ಕೊಂದು ಅನುಮತಿ ಬೇಕು, ಒಯ್ಯುವುದಕ್ಕೆ ಇನ್ನೊಂದು. ಕ್ಯಾಲಿಫೋರ್ನಿಯಾದಲ್ಲಿ ಹಣ ಕಟ್ಟಿದ ಮೇಲೂ 10 ದಿನ ಕಾಯಬೇಕು, ಅಂಗಡಿಯವರು ರಾಜ್ಯದ ಪಟ್ಟಿಯಲ್ಲಿರುವ ಮಾದರಿಗಳನ್ನಷ್ಟೇ ಮಾರಬಹುದು. ‘ವಿಶೇಷ ಕಾರಣ’ ತೋರಿಸಿದವರಿಗೆ ಮಾತ್ರ ಪರವಾನಗಿ ಎಂಬ ನ್ಯೂಯಾರ್ಕ್‌ನ ನಿಯಮವನ್ನು 2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಒಂದು ರಾಜ್ಯದ ಪರವಾನಗಿಯನ್ನು ಪಕ್ಕದ ರಾಜ್ಯ ಒಪ್ಪಲೇಬೇಕೆಂಬ ನಿಯಮ ಮಾತ್ರ ಇಲ್ಲ. ಪೆನ್ಸಿಲ್ವೇನಿಯಾದಿಂದ ಹೊರಟು ನ್ಯೂಜೆರ್ಸಿಯ ನೆಂಟರ ಮನೆಗೆ ಹೋಗುವಾಗ ಸೇತುವೆ ದಾಟಿದೊಡನೆ ಕಾನೂನುಪಾಲಕ ಅಪರಾಧಿಯಾಗಬಹುದು.

ಈಗ ಆಯ್ಕೆಯ ವಿಚಾರ. ಮ್ಯಾಗ್ನಮ್ ಎಂದರೆ ಇಲ್ಲಿ .357 ಮ್ಯಾಗ್ನಮ್, 1935ರಲ್ಲಿ ಸ್ಮಿತ್ ಅಂಡ್ ವೆಸನ್ ಮಾರುಕಟ್ಟೆಗೆ ತಂದ ತೋಟಾ. ಅದಕ್ಕಿಂತ ಹಳೆಯ .38 ಸ್ಪೆಷಲ್‌ನ ಗುಂಡಿನ ವ್ಯಾಸವೂ ಅಷ್ಟೇ, 0.357 ಇಂಚು. ಮ್ಯಾಗ್ನಮ್ಮಿನ ಹಿತ್ತಾಳೆ ಕೊಳವೆ ಅದಕ್ಕಿಂತ ಸುಮಾರು 3.4 ಮಿಲಿಮೀಟರ್ ಹೆಚ್ಚು ಉದ್ದ, ಒಳಗಿನ ಒತ್ತಡವೂ ಬಹಳ ಹೆಚ್ಚು. ಹಳೆಯ .38 ರಿವಾಲ್ವರಿನಲ್ಲಿ ಯಾರೂ ಅದನ್ನು ತುಂಬಿ ಸಿಡಿಸದಿರಲಿ ಎಂದೇ ಕೊಳವೆಯನ್ನು ಉದ್ದ ಮಾಡಿದರು. ಹೀಗಾಗಿ .357 ರಿವಾಲ್ವರಿನಲ್ಲಿ .38 ಸ್ಪೆಷಲ್ ಹಾರಿಸಬಹುದು, .38ರಲ್ಲಿ .357 ಹಾರಿಸುವಂತಿಲ್ಲ. ಚಿಕ್ಕ ಮ್ಯಾಗ್ನಮ್ ಕೊಳ್ಳುವುದರ ನಿಜವಾದ ಲಾಭ ಇದೇ: ಒಂದೇ ರಿವಾಲ್ವರಿಗೆ ಎರಡು ಬಗೆಯ ತೋಟಾ.

ಮ್ಯಾಗ್ನಮ್ಮಿನ ಹೆಸರು ಮಾಡಿದ್ದು ಉದ್ದ ನಳಿಗೆ. 4 ಇಂಚಿನ ನಳಿಗೆಯಿಂದ 125 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಸೆಕೆಂಡಿಗೆ 1,400 ಅಡಿಗೂ ಮಿಕ್ಕಿ ಹೊರಡುತ್ತದೆ. 2 ಇಂಚಿನ ನಳಿಗೆಯಲ್ಲಿ ಅದೇ ಗುಂಡು 1,100ರಿಂದ 1,250 ಅಡಿಗೆ ಇಳಿಯುತ್ತದೆ, ಏಕೆಂದರೆ ಉರಿದ ಮದ್ದಿನ ಅನಿಲ ಪೂರ್ತಿ ತಳ್ಳುವ ಮೊದಲೇ ಗುಂಡು ನಳಿಗೆ ಬಿಟ್ಟಿರುತ್ತದೆ. ಉಳಿದ ಬಿಸಿ ಅನಿಲ ನಳಿಗೆಯ ಬಾಯಿಯ ಮುಂದೆ ಬೆಂಕಿಯ ಉಂಡೆಯಾಗಿ ಸಿಡಿಯುತ್ತದೆ. ಕತ್ತಲಲ್ಲಿ ಅದು ಹಾರಿಸಿದವನ ಕಣ್ಣನ್ನೇ ಕೋರೈಸುತ್ತದೆ. ಶಬ್ದ 160 ಡೆಸಿಬಲ್‌ನ ಆಸುಪಾಸು, ಕಿವಿಗೆ 140ರಿಂದಲೇ ಹಾನಿ. ಬೆಂಕಿ, ಸದ್ದು, ಒದೆತ ಪೂರ್ತಿ ಸಿಗುತ್ತವೆ, ವೇಗ ಮಾತ್ರ ಅರೆಬರೆ.

ಒದೆತದ ಲೆಕ್ಕ ಸರಳ. ಒಂದೇ ತೋಟಾ, ಎರಡು ರಿವಾಲ್ವರ್. ತೂಕ ಅರ್ಧವಾದರೆ ಹಿಂದೊದೆಯುವ ಶಕ್ತಿ ಇಮ್ಮಡಿ. ಸ್ಮಿತ್ ಅಂಡ್ ವೆಸನ್‌ನ 340ಪಿಡಿ ಸ್ಕ್ಯಾಂಡಿಯಂ ಬೆರೆಸಿದ ಅಲ್ಯೂಮಿನಿಯಂ ಚೌಕಟ್ಟು ಮತ್ತು ಟೈಟಾನಿಯಂ ಸಿಲಿಂಡರಿನದು (ತೋಟಾ ತುಂಬುವ, ತಿರುಗುವ ಭಾಗವೇ ಸಿಲಿಂಡರ್), ಸುಮಾರು 340 ಗ್ರಾಂ. ರೂಗರ್ ಎಸ್‌ಪಿ101 ಪೂರ್ತಿ ಸ್ಟೇನ್‌ಲೆಸ್ ಉಕ್ಕು, ಸುಮಾರು 740 ಗ್ರಾಂ. ಮೊದಲನೆಯದರ ಒದೆತ ಎರಡನೆಯದರ ಎರಡರಷ್ಟಕ್ಕೂ ಹೆಚ್ಚು. ಕೊಡಗಿನಲ್ಲೋ ಮಲೆನಾಡಿನಲ್ಲೋ ಕೋವಿ ಹಿಡಿದು ಬೆಳೆದವರು ಒದೆತ ತಮಗೇನು ಹೊಸದಲ್ಲ ಎನ್ನುತ್ತಾರೆ. ಕೋವಿಯ ಒದೆತವನ್ನು ಭುಜ ತೆಗೆದುಕೊಳ್ಳುತ್ತದೆ. ರಿವಾಲ್ವರಿನದನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ತೆಳು ಚರ್ಮ ಒಂದೇ ತಾಳಬೇಕು.

ಹಾಗಾದರೆ ಯಾವುದು? ಸೊಂಟದ ಬೆಲ್ಟಿನಲ್ಲಿ ಒಯ್ಯುವುದಾದರೆ ಉಕ್ಕಿನದೇ ಆಗಲಿ. ಎಸ್‌ಪಿ101 (ಐದು ತೋಟಾ, 2.25 ಇಂಚಿನ ನಳಿಗೆ), ಸ್ಮಿತ್ ಅಂಡ್ ವೆಸನ್ 640 (ಐದು ತೋಟಾ, ಸುಮಾರು 630 ಗ್ರಾಂ), ಕಿಂಬರ್ ಕೆ6ಎಸ್ (ಆರು ತೋಟಾ, ಸುಮಾರು 650 ಗ್ರಾಂ) ಮೂರೂ ಒಳ್ಳೆಯವು. ಕಿಂಬರ್‌ನ ಸಿಲಿಂಡರ್ ಆರು ತೋಟಾ ಹಿಡಿದರೂ 35 ಮಿಲಿಮೀಟರ್ ದಪ್ಪವಷ್ಟೇ, ಅದು ಮೆಚ್ಚತಕ್ಕ ಕೆಲಸ. ಮೂರರಲ್ಲಿ ಹೊಸಬರಿಗೆ ನಮ್ಮ ಮತ ಎಸ್‌ಪಿ101ಕ್ಕೆ. ತೂಕವೇ ಅದರ ಗುಣ. ನಡುವಿನ ದಾರಿ ಬೇಕೆಂದರೆ ರೂಗರ್ ಎಲ್‌ಸಿಆರ್‌ನ .357 ಮಾದರಿ, ಸುಮಾರು 485 ಗ್ರಾಂ. ಅದರ ಟ್ರಿಗರ್ ಈ ಗಾತ್ರದವುಗಳಲ್ಲಿ ಬಹಳ ನಯ.

ಪ್ಯಾಂಟಿನ ಜೇಬಿಗೇ ಬೇಕೆಂದರೆ ಮ್ಯಾಗ್ನಮ್ಮಿನ ಆಸೆ ಬಿಡಿ. .38 ಸ್ಪೆಷಲ್‌ನ ಸ್ಮಿತ್ ಅಂಡ್ ವೆಸನ್ 642, ಇಲ್ಲವೇ ಎಲ್‌ಸಿಆರ್‌ನ .38 ಮಾದರಿ ಸಾಕು. ಎರಡೂ ಸುಮಾರು 380ರಿಂದ 425 ಗ್ರಾಂ ಒಳಗೆ, ಎರಡಕ್ಕೂ ಪ್ಲಸ್ ಪಿ, ಅಂದರೆ ಸಾದಾ .38ಕ್ಕಿಂತ ತುಸು ಹೆಚ್ಚು ಒತ್ತಡದ ತೋಟಾ ಹಾಕಬಹುದು. ಎರಡರಲ್ಲೂ ತೋಟಾ ಸಿಡಿಸಲು ಪೆಟ್ಟು ಕೊಡುವ ಹ್ಯಾಮರ್ ಒಳಗೆ ಅಡಗಿರುವುದರಿಂದ ತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲ. ಹೊರಗೆ ಚಾಚಿದ ಹ್ಯಾಮರ್ ಜೇಬಿನ ರಿವಾಲ್ವರಿಗೆ ತಕ್ಕುದಲ್ಲ.

ಹಿಡಿಯ ಅಳತೆ ನೋಡದೆ ಕೊಳ್ಳಬೇಡಿ. ನಳಿಗೆ ಮತ್ತು ಮುಂಗೈ ಒಂದೇ ಗೆರೆಯಲ್ಲಿರುವಂತೆ ಹಿಡಿದಾಗ ತೋರುಬೆರಳಿನ ತುದಿಯ ಮಾಂಸಭಾಗ ಅಥವಾ ಮೊದಲ ಗೆಣ್ಣು ಟ್ರಿಗರಿಗೆ ತಲುಪಬೇಕು. ಎಳೆತ ಸಾಮಾನ್ಯವಾಗಿ 4.5ರಿಂದ 5.5 ಕಿಲೋ ತೂಕದಷ್ಟು. ಬೆರಳು ಸೋತರೆ ಕೆಲವರು ಹಗುರ ಸ್ಪ್ರಿಂಗ್ ಹಾಕಿಸುತ್ತಾರೆ. ಆಗ ಹ್ಯಾಮರಿನ ಪೆಟ್ಟು ಸಾಲದೆ ಗಟ್ಟಿ ಪ್ರೈಮರ್ (ಬುಡದಲ್ಲಿರುವ ಕಿಡಿಮದ್ದು) ಇರುವ ತೋಟಾ ಸಿಡಿಯದೆ ಹೋಗುತ್ತದೆ. ಕಾರ್ಖಾನೆಯ ಸ್ಪ್ರಿಂಗನ್ನೇ ಉಳಿಸಿಕೊಂಡು, ನಕಲಿ ತೋಟಾ ತುಂಬಿ ಮನೆಯಲ್ಲಿ ಖಾಲಿ ಎಳೆತ ಅಭ್ಯಾಸ ಮಾಡುವುದೇ ಸರಿ. ಅಭ್ಯಾಸದ ಕೋಣೆಯಲ್ಲಿ ನಿಜವಾದ ತೋಟಾ ಒಂದೂ ಇರಕೂಡದು. ಹಿಡಿ ಹಿಂಬದಿಯ ಲೋಹವನ್ನೂ ಮುಚ್ಚುವ ರಬ್ಬರಿನದಾದರೆ ನೋವು ಬಹಳ ಕಡಿಮೆ. ಪಿಸ್ತೂಲಿನಲ್ಲಿ ಮಾಡುವಂತೆ ಹೆಬ್ಬೆರಳನ್ನು ಮುಂದೆ ಚಾಚಬೇಡಿ. ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿಯಿಂದ ಸುಡುವ ಅನಿಲ ನುಗ್ಗುತ್ತದೆ, ಮ್ಯಾಗ್ನಮ್ಮಿನಲ್ಲಿ ಅದು ಚರ್ಮವನ್ನೇ ಸೀಳಬಲ್ಲದು.

ತೋಟಾ ವಿಚಾರಕ್ಕೆ ಬಂದರೆ, ಉಕ್ಕಿನ .357 ಕೊಂಡವರು ಕೂಡ ಅದರಲ್ಲಿ .38 ಸ್ಪೆಷಲ್ ಪ್ಲಸ್ ಪಿ ತುಂಬಿ ಒಯ್ಯುವುದೇ ಬುದ್ಧಿವಂತಿಕೆ. ಎರಡನೆಯ ಗುಂಡಿಗೆ ನಳಿಗೆ ಬೇಗ ಗುರಿಗೆ ಮರಳುತ್ತದೆ. ಚಿಕ್ಕ ನಳಿಗೆಗೆಂದೇ ಮಾಡಿದ 135 ಗ್ರೇನ್ ಗುಂಡು, ಅಥವಾ ಹಳೆಯ ನಂಬಿಕೆಯ 158 ಗ್ರೇನ್ ಸೀಸದ ಟೊಳ್ಳುಮೂತಿ (ತಾಗಿದಾಗ ಅರಳುವಂತೆ ಮಾಡಿದ) ಗುಂಡು ಇದಕ್ಕೆ ತಕ್ಕವು. ವೇಗ ಸಾಲದಿದ್ದರೆ ಟೊಳ್ಳುಮೂತಿಯಲ್ಲಿ ಬಟ್ಟೆಯ ಎಳೆ ತುಂಬಿ ಗುಂಡು ಅರಳುವುದೇ ಇಲ್ಲ. ಅಂಥದಕ್ಕಿಂತ 148 ಗ್ರೇನಿನ ಚಪ್ಪಟೆಮೂತಿ ವ್ಯಾಡ್‌ಕಟರ್ ಎಷ್ಟೋ ವಾಸಿ, ಒದೆತವೂ ಮೃದು. ನ್ಯೂಜೆರ್ಸಿಯಲ್ಲಿರುವವರು ಇಲ್ಲಿ ಎಚ್ಚರವಾಗಿರಬೇಕು: ಟೊಳ್ಳುಮೂತಿ ಗುಂಡನ್ನು ಮನೆಯಿಂದಾಚೆ ಒಯ್ಯುವುದಕ್ಕೆ ಆ ರಾಜ್ಯದಲ್ಲಿ ಕಟ್ಟುನಿಟ್ಟಿನ ನಿರ್ಬಂಧವಿದೆ.

ರಿವಾಲ್ವರ್ ಕೆಡುವುದೇ ಇಲ್ಲ ಎಂಬ ನಂಬಿಕೆ ತಪ್ಪು. ಹಗುರ ರಿವಾಲ್ವರಿನಲ್ಲಿ ಮ್ಯಾಗ್ನಮ್ ಹಾರಿಸಿದಾಗ ಒದೆತದ ಹೊಡೆತಕ್ಕೆ ಸಿಲಿಂಡರಿನಲ್ಲಿ ಉಳಿದ ತೋಟಾಗಳ ಗುಂಡು ಕೊಳವೆಯಿಂದ ಮುಂದಕ್ಕೆ ಜಾರುತ್ತದೆ. ಜಾರಿದ ಗುಂಡಿನ ಮೂತಿ ಸಿಲಿಂಡರಿನಾಚೆ ಚಾಚಿತೆಂದರೆ ಸಿಲಿಂಡರ್ ತಿರುಗುವುದಿಲ್ಲ. 340ಪಿಡಿಯ ನಳಿಗೆಯ ಮೇಲೆ 120 ಗ್ರೇನಿಗಿಂತ ಕಡಿಮೆ ತೂಕದ ಗುಂಡು ಬೇಡ ಎಂದು ಕೊರೆದಿರುತ್ತಾರೆ, ಅದನ್ನೂ ಪಾಲಿಸಬೇಕು. ನಿಮ್ಮ ತೋಟಾ ಜಾರುತ್ತದೆಯೇ ಎಂದು ತಿಳಿಯಲು ಐದು ತುಂಬಿ, ಐದನೆಯದರ ಉದ್ದವನ್ನು ಮೊದಲೇ ಕ್ಯಾಲಿಪರಿನಲ್ಲಿ ಅಳೆದಿಟ್ಟು, ನಾಲ್ಕು ಹಾರಿಸಿ, ಮತ್ತೆ ಅಳೆಯಿರಿ. ಉದ್ದ ಹೆಚ್ಚಿದ್ದರೆ ಆ ತೋಟಾ ಆ ರಿವಾಲ್ವರಿಗೆ ಬೇಡ.

ಇನ್ನೊಂದು ತೊಂದರೆ ಖಾಲಿ ಕೊಳವೆ ಹೊರತೆಗೆಯುವಾಗ. ಚಿಕ್ಕ ನಳಿಗೆಯಡಿಯ ತಳ್ಳುಕಡ್ಡಿಯೂ ಚಿಕ್ಕದು, ಮ್ಯಾಗ್ನಮ್ ಕೊಳವೆಯನ್ನು ಪೂರ್ತಿ ಹೊರದಬ್ಬುವುದಿಲ್ಲ. ನಳಿಗೆಯನ್ನು ನೇರ ಮೇಲಕ್ಕೆತ್ತಿ ಅಂಗೈಯಿಂದ ಒಂದೇ ಜೋರಾದ ಪೆಟ್ಟು ಕೊಡಬೇಕು. ಓರೆ ಹಿಡಿದು ಮೆಲ್ಲಗೆ ಒತ್ತಿದರೆ ಕೊಳವೆಯೊಂದು, ಕೊಳವೆಗಳನ್ನು ಎತ್ತುವ ನಕ್ಷತ್ರಾಕಾರದ ಎಕ್ಸ್‌ಟ್ರಾಕ್ಟರಿನ ಅಡಿಗೆ ಸೇರಿಕೊಂಡು ರಿವಾಲ್ವರ್ ಕಟ್ಟಿಹಾಕಿದಂತಾಗುತ್ತದೆ. ಅದೇ ನಕ್ಷತ್ರದ ಅಡಿಯಲ್ಲಿ ಉರಿಯದ ಮದ್ದಿನ ಕಾಳು ಕೂತರೂ ಸಿಲಿಂಡರ್ ಮುಚ್ಚಿಕೊಳ್ಳದು, ಮುಚ್ಚಿಕೊಂಡರೂ ಬಿಗಿಯುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಣಗಿದಂತೆಯೇ ಉಜ್ಜಿ, ಎಣ್ಣೆ ಹಾಕಬೇಡಿ. .38 ಬಹಳ ಹಾರಿಸಿದರೆ ಸಿಲಿಂಡರಿನಲ್ಲಿ ತೋಟಾ ಕೂರುವ ಮನೆಗಳೊಳಗೆ ಮಸಿಯ ಉಂಗುರ ಕಟ್ಟುತ್ತದೆ, ಆಮೇಲೆ ಉದ್ದದ .357 ಕೊನೆಯವರೆಗೆ ಇಳಿಯುವುದಿಲ್ಲ. ಹಿತ್ತಾಳೆ ಕುಂಚಕ್ಕೆ ದ್ರಾವಕ ಹಚ್ಚಿ ತಿಕ್ಕಿದರೆ ಹೋಗುತ್ತದೆ. ಗಾಬರಿಯಲ್ಲಿ ಟ್ರಿಗರನ್ನು ಪೂರ್ತಿ ಮುಂದಕ್ಕೆ ಬಿಡದೆ ಮತ್ತೆ ಎಳೆಯುವುದು ಯಂತ್ರದ ದೋಷವಲ್ಲ, ಕೈಯ ದೋಷ. ಆಗ ಟ್ರಿಗರ್ ಸಿಕ್ಕಿಕೊಳ್ಳಬಹುದು, ಇಲ್ಲವೇ ಸಿಲಿಂಡರ್ ಒಂದು ಮನೆ ಜಿಗಿದು ಗುಂಡು ಹಾರದಿರಬಹುದು.

ಕೊಳ್ಳುವ ಮೊದಲು ಬಾಡಿಗೆಗೆ ರಿವಾಲ್ವರ್ ಕೊಡುವ ರೇಂಜಿನಲ್ಲಿ ಪರೀಕ್ಷಿಸಿ. ಕಿವಿಯೊಳಗೆ ಬಿರಡೆ, ಅದರ ಮೇಲೆ ಇಯರ್‌ಮಫ್, ಎರಡೂ ಬೇಕು, ಕನ್ನಡಕ ಕಡ್ಡಾಯ. ಸುಮಾರು 6 ಮೀಟರ್ ದೂರದಲ್ಲಿ ಊಟದ ಕಾಗದದ ತಟ್ಟೆ ನಿಲ್ಲಿಸಿ. ಮೊದಲು ಸಾದಾ .38, ಆಮೇಲೆ ಪ್ಲಸ್ ಪಿ, ಕೊನೆಗೆ ಮ್ಯಾಗ್ನಮ್. ಐದೂ ಗುಂಡು ಆರು ಸೆಕೆಂಡಿನೊಳಗೆ ತಟ್ಟೆಯೊಳಗೇ ಬೀಳುವ ಅತ್ಯಂತ ಬಲವಾದ ತೋಟಾ ಯಾವುದೋ ಅದೇ ನಿಮ್ಮದು. ಮ್ಯಾಗ್ನಮ್ ಹಾರಿಸಿದ ನಂತರ ನಡುವೆ ಖಾಲಿ ಕೊಳವೆಯೊಂದನ್ನು ಬೆರೆಸಿಡಲು ಜೊತೆಯವರಿಗೆ ಹೇಳಿ. ಖಾಲಿ ಕೊಳವೆಯ ಸರದಿಯಲ್ಲಿ ನಳಿಗೆ ಕೆಳಕ್ಕೆ ಕುಕ್ಕಿದರೆ ನಿಮ್ಮ ಕೈ ಒದೆತಕ್ಕೆ ಹೆದರಿದೆ ಎಂದೇ ಅರ್ಥ.

ಒಯ್ಯುವ ರೀತಿಯಲ್ಲಿ ಒಂದು ನಿಯಮ ಎಲ್ಲರಿಗೂ: ಟ್ರಿಗರಿನ ಬಳೆಯನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್ಸ್ಟರ್ ಇಲ್ಲದೆ ಬೇಡ. ಜೇಬಿನಲ್ಲಾದರೂ ಅಷ್ಟೇ. ಆ ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ, ಪೆನ್ನು ಯಾವುದೂ ಇರಬಾರದು. ಚೂಡಿದಾರ, ಕುರ್ತಾದಲ್ಲಿ ಬೆಲ್ಟಿಗೆ ಜಾಗವಿಲ್ಲದ ಹೆಣ್ಣುಮಕ್ಕಳು ಕೈಚೀಲದಲ್ಲಿಡುವುದುಂಟು. ಚೀಲ ಕಸಿಯುವವನಿಗೆ ರಿವಾಲ್ವರೂ ಸಿಕ್ಕಿತು, ಪಾರ್ಟಿಯಲ್ಲಿ ಚೀಲ ತಡಕುವ ಮಗುವಿಗೂ ಸಿಕ್ಕಿತು. ಟ್ರಿಗರ್ ಮುಚ್ಚುವ ಗಟ್ಟಿ ಕವಚವಿರುವ ಹೊಟ್ಟೆಪಟ್ಟಿ ಸಿಗುತ್ತದೆ, ಅದು ಮೇಲು. ಅಂಚೆ ಕಚೇರಿಗೆ ಒಯ್ಯುವಂತಿಲ್ಲ. ದೇವಸ್ಥಾನದ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಬಾಗಿಲ ಫಲಕ ಓದದೆ ಒಳಗೆ ಹೋಗಬೇಡಿ.

ಮನೆಯಲ್ಲಿ ಅದು ಗೋಡೆಗೋ ಮಂಚಕ್ಕೋ ಬಿಗಿದ ಬೀಗದ ಪೆಟ್ಟಿಗೆಯಲ್ಲಿರಲಿ. ಈ ರಿವಾಲ್ವರುಗಳಲ್ಲಿ ಬೆರಳಿನಿಂದ ಹಾಕುವ ಸೇಫ್ಟಿ ಸಾಮಾನ್ಯವಾಗಿ ಇರುವುದಿಲ್ಲ. ಟ್ರಿಗರ್ ಬಿಗಿ ಎಂದು ನೆಮ್ಮದಿಯಿಂದಿರುವುದು ತಪ್ಪು, ಮಗು ಎರಡೂ ಕೈಯ ಬೆರಳು ಸೇರಿಸಿ ಎಳೆಯಬಲ್ಲದು. ಊರಿನಿಂದ ಬಂದು ಆರು ತಿಂಗಳು ಇರುವ ಅಪ್ಪ ಅಮ್ಮನಿಗೆ ಪೆಟ್ಟಿಗೆ ಎಲ್ಲಿದೆ, ಏಕೆ ಮುಟ್ಟಬಾರದು ಎಂಬುದನ್ನು ಬಂದ ದಿನವೇ ಹೇಳಿ. ಅವರಿಂದ ಮುಚ್ಚಿಟ್ಟರೆ ಮೊಮ್ಮಗುವನ್ನು ನೋಡಿಕೊಳ್ಳುವವರಿಗೇ ಅಪಾಯದ ಅರಿವಿಲ್ಲದಂತಾಗುತ್ತದೆ.

ಕೊನೆಯದಾಗಿ, ರೇಂಜಿಗೆ ಒಯ್ಯುವ ಚೀಲವನ್ನು ಬೆಂಗಳೂರಿನ ಪ್ರಯಾಣಕ್ಕೆ ಬಳಸಲೇಬೇಡಿ. ಮೂಲೆಯಲ್ಲಿ ಮರೆತ ಒಂದೇ ಒಂದು ತೋಟಾ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕರೂ ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗುತ್ತದೆ. ತನ್ನ ಬಳಿ ಇದೆಯೆಂಬ ಅರಿವು ಆರೋಪಿಗೆ ಇತ್ತೇ ಎಂದು ನ್ಯಾಯಾಲಯ ನೋಡುತ್ತದೆ, ನಿಜ. ಆದರೆ ಅಷ್ಟರೊಳಗೆ ಠಾಣೆ, ಜಾಮೀನು, ತಪ್ಪಿದ ವಿಮಾನ, ಕೆಲಸಕ್ಕೆ ಮರಳುವ ದಿನಾಂಕ ಎಲ್ಲವೂ ಕೈಮೀರಿರುತ್ತವೆ. ರೇಂಜಿಗೆ ಬೇರೆ ಬಣ್ಣದ ಚೀಲವೊಂದನ್ನು ಕೊಂಡು, ಅದನ್ನು ಬೀಗದ ಪೆಟ್ಟಿಗೆಯ ಪಕ್ಕದಲ್ಲೇ ಇಡಿ.

ಇತಿ,
ಟೆಕ್ಸಾಸ್‌ನ ಇಬ್ಬರು ಕನ್ನಡಿಗ ಓದುಗರು